ತಿಕೀಟಿಲ್ಲದ ಪತ್ರಗಳ ಚೆಕ್ಕರ್

ಒಂದು ಸುಗ್ಗಿಯಿಂದ ಮುಂದಿನ ಸುಗ್ಗಿಯ ತನಕ ನಾನು ಅವರನ್ನು ಕಳ್ಳರೆಂದೇ ತಿಳಿದಿದ್ದೆ. ಅದು ಗೊತ್ತಾಗಿದ್ದರೂ ಅವರಿಗೆ ಬೇಸರವಾಗುತ್ತಿರಲಿಲ್ಲ. ಗಡಿಗೆ ಹತ್ತಿದ ಮರಾಠಿ ಸೀಮೆಯ ಜತ್ತದಲ್ಲಿ ಅವರ ಖೋಲಿಯ ಮೆಟ್ಟಿಲು ಹತ್ತಿ ಬಂದ ಯಾರನ್ನೇ ಆಗಲಿ, ಅವರೂ ಮೊದಲು ಕಳ್ಳನೆಂದು ತಿಳಿದೇ ಮಾತು ಸುರು ಮಾಡುತ್ತಿದ್ದರು. ಹೋದ ತಿಂಗಳು ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಅಲ್ಲಿ ನಿಂತವರಲ್ಲಿ ಅರ್ಧ ಜನ ಅವರ ಗಿರಾಕಿಗಳು, ಉಳಿದವರು ಎಸ್.ಟಿ. ಎಂಬ ಸರಕಾರಿ ಬಸ್ಸಿನ ಹಳೆಯ ಕಂಡಕ್ಟರುಗಳು. ಮಣ್ಣು ಹಾಕುವಾಗಲೂ ಎಲ್ಲರೂ ತಮ್ಮ ಕಿಸೆ ಸರಿಯಾಗಿದೆಯೋ ಎಂದು ನೋಡಿಕೊಳ್ಳುವವರ ಹಾಗೆ ನಿಂತಿದ್ದರು.

ನಾನು ಬರೆಯುವವನಲ್ಲ. ಆರನೇ ಇಯತ್ತೆಗೆ ಶಾಲೆ ಬಿಟ್ಟು ವೆಲ್ಡಿಂಗ್ ಹಿಡಿದೆ. ಉಟಗಿಯಲ್ಲಿ ನನ್ನ ವರ್ಕ್‌ಶಾಪು ಇದೆ. ಜೋಳದ ರಾಶಿ ಮಾಡುವ ಮಷೀನು ತಯಾರಿಸುತ್ತೇನೆ. ನನ್ನ ಮಷೀನಿನಿಂದ ಬಂದ ಜೋಳದಲ್ಲಿ ಒಡೆದ ಕಾಳು ತೋರಿಸಿದವನಿಗೆ ಮಷೀನನ್ನು ಪುಕ್ಕಟೆ ಕೊಡುತ್ತೇನೆಂದು ಹೇಳಿ ಬಹಳ ವರ್ಷವಾಯಿತು, ಯಾರೂ ತೋರಿಸಿಲ್ಲ. ಅವರ ಬಗ್ಗೆ ಬರೆಯಬೇಕೆಂದರೆ ನನ್ನ ಬಗ್ಗೆಯೂ ಒಂದು ಮಾತು ಒಪ್ಪಿಕೊಳ್ಳಬೇಕಾಗುತ್ತದೆ. ಅದಕ್ಕೇ ಒಂದು ತಿಂಗಳು ಹಿಡಿಯಿತು.

ಜನ ಅವರನ್ನು ಚೆಕ್ಕರ್ ಸಾಹೇಬರು ಎನ್ನುತ್ತಿದ್ದರು. ಎಸ್.ಟಿ.ಯಲ್ಲಿ ತಿಕೀಟು ತಪಾಸಣೆಯ ನೌಕರಿ ಮಾಡಿದವರು. ನಡುದಾರಿಯಲ್ಲಿ ಕೈ ಅಡ್ಡ ಮಾಡಿ ಬಸ್ಸು ನಿಲ್ಲಿಸಿ, ಹತ್ತಿ, ಎಲ್ಲರ ತಿಕೀಟು ನೋಡಿ ಇಳಿದುಹೋಗುವ ಕೆಲಸ. ಮೊಣಕಾಲು ಕೈಕೊಟ್ಟ ಮೇಲೆ ಅವಧಿಗೆ ಮೊದಲೇ ನೌಕರಿ ಬಿಟ್ಟರು. ಯಾರ ಹತ್ತಿರವೋ ಕೂತು ಕಂಪ್ಯೂಟರು ಕಲಿತು, ಬೀಜ ಗೊಬ್ಬರದ ಅಂಗಡಿಯ ಮೇಲಿನ ಖೋಲಿಯಲ್ಲಿ ವೆಬ್ ಹೋಸ್ಟಿಂಗ್ ಎಂಬ ಧಂದೆ ಇಟ್ಟರು. ಅಂದರೆ ನಮ್ಮಂಥವರ ಅಂಗಡಿ, ಕಾರ್ಖಾನೆಗಳ ಸೈಟಿಗೆ, ಮೇಲ್ ಪತ್ರಗಳಿಗೆ ಇಂಟರ್ನೆಟ್ಟಿನಲ್ಲಿ ಜಾಗ ಬಾಡಿಗೆ ಕೊಡುವುದು.

ನೌಕರಿ ಹೋದರೂ ನಿಲ್ಲುವ ರೀತಿ ಹೋಗಿರಲಿಲ್ಲ. ಫೋನಿನಲ್ಲಿ ಮಾತಾಡುವಾಗ ಕಾಲು ಅಗಲಿಸಿ, ಒಂದು ಕೈಯಲ್ಲಿ ಕಿಟಕಿಯ ಸರಳು ಹಿಡಿದು ನಿಲ್ಲುವರು. ಖೋಲಿ ಈಗ ತಿರುವಿನಲ್ಲಿ ವಾಲೀತು ಎಂಬಂತೆ. ಯಾವ ಕಾಗದ ಕೊಟ್ಟರೂ ಮೊದಲು ಹಿಂಬದಿ ತಿರುವಿ ನೋಡುವರು, ಆಮೇಲೆ ಬೆಳಕಿಗೆ ಹಿಡಿಯುವರು, ಕಡೆಗೆ ಓದುವರು. ಲಗ್ನಪತ್ರಿಕೆಯನ್ನೂ ಹಾಗೆ ಬೆಳಕಿಗೆ ಹಿಡಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೊಡಲು ಬಂದವನು ತನ್ನ ಮಗಳ ಮದುವೆ ನಿಜವೋ ಸುಳ್ಳೋ ಎಂದು ತಾನೇ ಅನುಮಾನದಲ್ಲಿ ಬಿದ್ದಂತೆ ಕಾಣುತ್ತಿದ್ದ. ಕಿಸೆಯಲ್ಲಿ ಸದಾ ಒಂದು ಕೆಂಪು ಪೆನ್ಸಿಲ್. ಎಲ್ಲ ಸರಿ ಎನಿಸಿದರೆ ಕಾಗದದ ಮೂಲೆಗೆ ಒಂದು ಸಣ್ಣ ಗೀಟು ಎಳೆಯುವರು. ಆ ಗೀಟು ಬಿದ್ದ ಮೇಲೆಯೇ ಚಹಾ.

ನಾನು ಮೊದಲ ಸಲ ಹೋದಾಗ ಚಹಾ ಬರಲು ಮೂರು ದಿನ ಹಿಡಿಯಿತು. ಮಷೀನು ಕೊಳ್ಳುವ ದೂರದ ಅಂಗಡಿಯವರೆಲ್ಲ ನಿಮ್ಮ ಮೇಲ್ ಯಾವುದು, ಸೈಟು ಯಾವುದು ಎಂದು ಕೇಳತೊಡಗಿದ್ದರು. ಅದಕ್ಕೇ ಹೋಗಿದ್ದೆ.

"ಯಾರಿಗೆ ಪತ್ರ ಕಳಸ್ತೀರಿ?" ಅಂದರು.

"ಮಷೀನ ರೇಟ ಕೇಳಿದವರಿಗ್ರಿ."

"ಕೇಳಲಾರದವರಿಗೆ?"

"ಕೇಳಲಾರದವರಿಗೆ ಯಾಕ ಕಳಸಲಿ? ನನಗೇನ ಮಾಡಾಕ ಕೆಲಸಿಲ್ಲೇನ್ರಿ?"

ಏನೋ ಬರೆದುಕೊಂಡರು. ಏನು ಬರೆದಿರಿ ಎಂದು ಕೇಳಿದೆ. ಹೇಳಲಿಲ್ಲ. ಅಂದೇ ಈ ಮನುಷ್ಯ ಸರಿಯಿಲ್ಲ ಎನಿಸಿತ್ತು.

ಆಮೇಲೆ ಅವರೇ ಬಿಡಿಸಿ ಹೇಳಿದರು. "ದೂರದ ಊರಾಗ ಒಂದ ದೊಡ್ಡ ಕಂಪನಿಯವರ ಕಂಪ್ಯೂಟರ ಮಷೀನ ಅದ. ಅದನ್ನ ನಾ ಬಾಡಿಗಿ ಹಿಡದು, ಸಣ್ಣ ಸಣ್ಣ ಸೀಟ ಮಾಡಿ ನಿಮಗ ಕೊಡ್ತೀನಿ. ನೀವು, ಈ ಕೆಳಗಿನ ಗೊಬ್ಬರದಂಗಡಿ, ಒಂದ ದವಾಖಾನಿ, ಎರಡ ಸಾಲಿ, ಎಲ್ಲಾರೂ ಒಂದ ಬಸ್ಸಿನಾಗ ಕುಂತಂಗ. ಬಸ್ಸಿನ ನಂಬರ ಒಂದ."

"ಅದರಿಂದ ಏನಾತ್ರಿ?"

"ಗಡಿ ನಾಕಾದಾಗ ಬಸ್ ತಡದದ್ದ ನೋಡಿಲ್ಲೇನು? ಒಬ್ಬ ಸೀಟಿನ ಕೆಳಗ ಕಳ್ಳಭಟ್ಟಿ ಸೆರೇದ ಕ್ಯಾನ ಇಟಗೊಂಡ ಕುಂತಿರ್ತಾನ. ಪರೀಕ್ಷಾಕ್ಕ ಹೊಂಟ ಹುಡುಗ್ಯಾರೂ ನಿಂದರಬೇಕು, ಬಾಣಂತಿನೂ ನಿಂದರಬೇಕು. ಮರುದಿನ ಅದ ನಂಬರಿನ ಬಸ್ ಕಂಡ್ರ ಸಾಕು, ಮತ್ತ ತಡೀತಾರ."

ಪತ್ರದ ವಿಷಯವೂ ಹಾಗೆಯೇ ಅಂತೆ. ಕೇಳದವರಿಗೆ ಸಾವಿರಗಟ್ಟಲೆ ಎಸೆಯುವ ಪತ್ರಕ್ಕೆ ಸ್ಪ್ಯಾಮ್ ಎನ್ನುತ್ತಾರೆ. ಅವರು ತಿಕೀಟಿಲ್ಲದ ಪತ್ರ ಎನ್ನುತ್ತಿದ್ದರು. ಒಬ್ಬ ಗಿರಾಕಿ ಅಂಥ ಪತ್ರ ಎಸೆದರೆ ಆ ಮಷೀನಿನ ನಂಬರೇ ಕಪ್ಪುಪಟ್ಟಿಗೆ ಹೋಗುತ್ತದೆ. ಅಲ್ಲಿಂದ ಹೊರಟ ಎಲ್ಲರ ಪತ್ರವನ್ನೂ ಜಗತ್ತು ಬಾಗಿಲಲ್ಲೇ ತಡೆಯುತ್ತದೆ. ದವಾಖಾನೆಯವರು ರೋಗಿಗೆ ಕಳಿಸಿದ ರಿಪೋರ್ಟು ಕೂಡ ಹೋಗುವುದಿಲ್ಲ.

"ಅದಕ್ಕ ನನ್ನದು ಒಂದ ರೀತಿ. ಮೊದಲ ಇಳಸೂದು, ಆಮ್ಯಾಲ ಕೇಳೂದು. ಕೇಳಕೋತ ಕುಂತ್ರ ಬಸ್ ಲೇಟ ಆಗತದ."

ಪಾಸ್‌ವರ್ಡ್ ನಾನೇ ಬರೆದು ಹಾಕುವಾಗ ಅವರು ಗೋಡೆಯ ಕಡೆ ಮುಖ ಮಾಡಿ ನಿಂತರು. "ಇದನ್ನ ಯಾರಿಗೂ ಹೇಳಬ್ಯಾಡ್ರಿ. ನಾ ಕೇಳಿದ್ರೂ ನನಗ ಹೇಳಬ್ಯಾಡ್ರಿ," ಅಂದರು. ನಾನು ಯಾರಿಗೂ ಹೇಳಲಿಲ್ಲ. ಹೆಂಡತಿಗೂ ಹೇಳಲಿಲ್ಲ.

ಅವರು ಗಿರಾಕಿಯನ್ನು ತೂಗುವ ರೀತಿ ಬೇರೆಯೇ. ಒಂದು ಸಲ ನಾನು ಅಲ್ಲಿ ಕೂತಿದ್ದಾಗ ದೊಡ್ಡ ಊರಿನವನೊಬ್ಬ ಬಂದ. ಇಸ್ತ್ರಿ ಮುರಿಯದ ಅಂಗಿ, ಎರಡು ಫೋನು. ಹದಿನೈದು ಸೈಟು ಇವತ್ತೇ ಆಗಬೇಕು ಅಂದ. ವರ್ಷದ ಬಾಡಿಗೆ ಎಷ್ಟೆಂದು ಕೇಳಿದ. ಇವರು ಹೇಳಿದರು. ಅವನು ಸರಿ ಎಂದು ಕಿಸೆಗೆ ಕೈ ಹಾಕಿದ. ಚೆಕ್ಕರ್ ಸಾಹೇಬರು ಪೆನ್ಸಿಲ್ ಕೆಳಗಿಟ್ಟರು.

"ಸೀಟ ಇಲ್ರಿ," ಅಂದರು.

ಅವನು ಇನ್ನೂ ಹೆಚ್ಚು ಕೊಡುತ್ತೇನೆಂದ. ಇವರು ಸೀಟಿಲ್ಲ ಎಂದೇ ಹೇಳಿ, ಮೆಟ್ಟಿಲ ತನಕ ಹೋಗಿ ಅವನು ಇಳಿದದ್ದನ್ನು ನೋಡಿ ಬಂದರು.

"ಬಂದ ಲಕ್ಷ್ಮೀನ ಕಳಿಸಿದ್ರೆಲ್ಲಾ," ಅಂದೆ.

"ಚೌಕಾಶಿ ಮಾಡ್ಲಿಲ್ಲ ಅಂವ. ನಮ್ಮ ಮಂದಿ ಅರ್ಧಾ ಕಪ್ ಚಹಾಕ್ಕೂ ಚೌಕಾಶಿ ಮಾಡ್ತಾರ. ಅವಗ ವರ್ಷದ ಗರಜ ಇಲ್ಲ, ಒಂದ ವಾರ ಸಾಕು. ವಾರದಾಗ ಲಕ್ಷಗಟ್ಟಲೆ ಪತ್ರ ಒಗದ ಇಳದಹೋಗ್ತಾನ. ನಾಕಾದಾಗ ಸಿಗೂದು ನಾವು."

"ನಾ ಚೌಕಾಶಿ ಮಾಡೀನಲ್ರಿ?"

"ನೀವು ಮೂರ ದಿನಾ ಮಾಡೀರಿ. ಅದಕ್ಕ ಸೀಟ ಕೊಟ್ಟೀನಿ."

ಹಾಗೆ ಇಳಿಸಿದವನಿಗೆ ಬೇರೆ ಕಡೆ ಸೀಟು ಸಿಗುವುದಿಲ್ಲವೇ ಎಂದು ಕೇಳಿದೆ. ಕಿಟಕಿಯ ಆಚೆ ನೋಡುತ್ತ, "ಸಿಗತದ. ಇಂಥವರ ಮ್ಯಾಲೇ ನಡಿಯೂ ಕಂಪನಿ ಅದಾವ. ಅವರು ಯಾರಿಗೂ ಏನೂ ಕೇಳೂದಿಲ್ಲ," ಅಂದರು. ಈ ಮಾತು ಆಗ ನನ್ನ ತಲೆಯಲ್ಲಿ ಉಳಿಯಲಿಲ್ಲ.

ಇನ್ನೊಂದು ಸಂಗತಿ. ಬಸ್ಸಿನಲ್ಲಿ ತಿಕೀಟಿಲ್ಲದವನು ಸಿಕ್ಕರೆ ಅವರು ಅಲ್ಲಿ ಬಾಯಿ ಬಿಡುತ್ತಿರಲಿಲ್ಲವಂತೆ. ಹೆಗಲು ಮುಟ್ಟಿ ಕೆಳಗೆ ಕರೆದು, ಬಸ್ಸಿನ ಹಿಂದೆ ಏಣಿಯ ಹತ್ತಿರ ನಿಲ್ಲಿಸಿಕೊಂಡು ಅಲ್ಲಿ ಕೇಳುತ್ತಿದ್ದರಂತೆ. ಇದನ್ನು ಹಳೆಯ ಕಂಡಕ್ಟರೊಬ್ಬ ಮಣ್ಣಿನ ದಿನ ಹೇಳಿದ. "ಬಸ್ ತುಂಬ ಮಂದಿ ಇರ್ತಿದ್ರು, ಕಿಟಕ್ಯಾಗಿಂದ ಹಣಿಕಿ ಹಾಕ್ತಿದ್ರು. ಏನೂ ಕೇಳಸ್ತಿರಲಿಲ್ಲ. ಮ್ಯಾಲ ಹತ್ತಿ ಬಂದಾಗ ಅಂವಾ ಏನೋ ತನ್ನ ಸಾಮಾನ ನೋಡಾಕ ಇಳದಿದ್ದ ಅನ್ನೂಹಂಗ ಇರ್ತಿತ್ತು." ಮೊದಲೇ ಗೊತ್ತಿದ್ದರೆ ನಾನು ಒಂದು ವರ್ಷ ಉಳಿಸಿಕೊಳ್ಳುತ್ತಿದ್ದೆ.

ಈಗ ನನ್ನ ವಿಷಯಕ್ಕೆ ಬರುತ್ತೇನೆ.

ಹಿಂದಿನ ವರ್ಷದ ಸುಗ್ಗಿ. ಗಡಿಯಾಚೆಯ ಒಂದು ರೈತರ ಕಂಪನಿಯವರು ಹನ್ನೆರಡು ಮಷೀನು ಬೇಕೆಂದು ಪತ್ರ ಬರೆದಿದ್ದರು. ದರಪಟ್ಟಿ ಸೋಮವಾರದೊಳಗೆ ಮೇಲ್‌ನಲ್ಲೇ ಬರಬೇಕು, ಬೇರೆ ರೀತಿ ನಡೆಯದು. ಹನ್ನೆರಡು ಮಷೀನು ಒಂದೇ ಸಲ ಎಂದರೆ ನಾನು ವರ್ಕ್‌ಶಾಪು ತೆಗೆದಾಗಿನಿಂದ ಕಾಣದ ಸಂಗತಿ. ಅದಕ್ಕಿಂತ ಹೆಚ್ಚಾಗಿ, ಗಡಿಯ ಆ ಕಡೆ ನನ್ನ ಹೆಸರು ಬರೆದ ಮಷೀನು ಹನ್ನೆರಡು ಊರಲ್ಲಿ ನಿಲ್ಲುತ್ತಿತ್ತು. ಶುಕ್ರವಾರ ಮಧ್ಯಾಹ್ನ ದರಪಟ್ಟಿ ಕಳಿಸಲು ಕೂತೆ. ಮೇಲ್ ತೆರೆಯಲಿಲ್ಲ. ಸೈಟೂ ತೆರೆಯಲಿಲ್ಲ. ಅದರ ಜಾಗದಲ್ಲಿ ಬಿಳಿ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲು. ಓದಿಸಿ ನೋಡಿದೆ. ಈ ಗಿರಾಕಿಯನ್ನು ತಡೆಹಿಡಿಯಲಾಗಿದೆ ಎಂದಿತ್ತು.

ಜೀಪು ಹಿಡಿದು ಜತ್ತಕ್ಕೆ ಹೋದೆ. ಮೆಟ್ಟಿಲು ಹತ್ತುವಾಗ ಎದುರಿಗೆ ಒಬ್ಬ ಇಳಿದು ಬರುತ್ತಿದ್ದ. ಬಿಳೂರಿನವನು, ರಾಶಿ ಮಷೀನು ಮಾಡುವ ಇನ್ನೊಬ್ಬ. ಅವನೂ ಚೆಕ್ಕರ್ ಸಾಹೇಬರ ಗಿರಾಕಿ. ನನ್ನನ್ನು ನೋಡಿ ಗೋಡೆಗೆ ಸರಿದು ದಾರಿ ಬಿಟ್ಟ. ಆ ರೈತರ ಕಂಪನಿ ಅವನಿಗೂ ಪತ್ರ ಬರೆದಿತ್ತೆಂದು ನನಗೆ ಗೊತ್ತಿತ್ತು. ಉಳಿದ ಮೆಟ್ಟಿಲು ಹತ್ತುವಷ್ಟರಲ್ಲಿ ಎಲ್ಲ ಲೆಕ್ಕ ನನ್ನ ತಲೆಯಲ್ಲಿ ಕೂಡಿತ್ತು.

"ಯಾಕ ಬಂದ ಮಾಡೀರಿ?" ಎಂದು ಬಾಗಿಲಲ್ಲೇ ನಿಂತು ಕೇಳಿದೆ.

"ಬರ್ರಿ, ಕುಂದ್ರಿ."

"ಕುಂದ್ರಾಕ ಬಂದಿಲ್ಲ."

ಅವರು ಪರದೆಯನ್ನು ನನ್ನ ಕಡೆ ತಿರುಗಿಸಿದರು. ನನ್ನ ಮೇಲ್‌ನಿಂದ ಪತ್ರಗಳು ಹೋದ ಪಟ್ಟಿ. ಬೆರಳಿನಿಂದ ಸರಿಸಿದಷ್ಟೂ ಮುಗಿಯುತ್ತಿರಲಿಲ್ಲ. ಎಲ್ಲ ಇಂಗ್ಲಿಷು. ಸಾಲ ಕೊಡುತ್ತೇವೆ, ಇಲ್ಲಿ ಒತ್ತಿರಿ ಎಂದು ಬರೆದಿದೆ ಅಂದರು. ನಾನು ಊಟ ಮಾಡುವ ಹೊತ್ತಿನಲ್ಲಿ ಹೋದ ಪತ್ರಗಳು.

"ಇವು ನನ್ನವಲ್ಲ."

"ಇರಲಿಕ್ಕಿಲ್ಲ. ಆದ್ರ ನಿಮ್ಮ ಬಾಗಲದಿಂದ ಹ್ವಾದಾವ. ಪಾಸ್‌ವರ್ಡ್ ಯಾರಿಗರೆ ಹೇಳೀರೇನು?"

"ಯಾರಿಗೂ ಹೇಳಿಲ್ಲ. ನಿಮ್ಮ ಹಂತೇಕ ಅದ. ನೀವೇ ಕೊಟ್ಟಿರಬೇಕು. ಈಗ ಇಳದ ಹ್ವಾದನಲ್ಲ, ಅವಗ."

ಅವರು ಎದ್ದು ನಿಂತು ಕಿಟಕಿಯ ಸರಳು ಹಿಡಿದರು. ಸಿಟ್ಟು ಬಂದು ಬೈಯುವರು ಎಂದುಕೊಂಡಿದ್ದೆ, ಬೈಯಲಿಲ್ಲ. "ದೊಡ್ಡ ಕಂಪನಿಯವರು ನನಗ ಸೋಮವಾರದ ತನಕ ವ್ಯಾಳ್ಯಾ ಕೊಟ್ಟಾರ," ಅಂದರು. "ಏನಾತು, ಹೆಂಗಾತು, ಮತ್ತ ಆಗೂದಿಲ್ಲ ಅಂತ ಗಿರಾಕಿ ಬರದ ಕೊಡಬೇಕು. ಇಲ್ಲಂದ್ರ ಇಡೀ ಬಸ್ ನಿಂದರಸ್ತಾರ. ಇದಕ್ಕ ಸಹಿ ಮಾಡ್ರಿ. ಸಂಜೀಕ ನಿಮ್ಮ ಬಾಗಲಾ ತಗೀತೀನಿ."

ಕಾಗದ ಇಂಗ್ಲಿಷಿನಲ್ಲಿತ್ತು. ನಮ್ಮಜ್ಜ ಓದಲು ಬಾರದ ಮರಾಠಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ, ಬಾವಿಯ ಮಗ್ಗುಲಿನ ಹೊಲ ಕಳೆದುಕೊಂಡವನು. ಆ ಹೊಲದ ಬದುವಿನ ಮೇಲೆ ನಮ್ಮ ಮನೆಯವರು ಈಗಲೂ ನಡೆದು ಹೋಗುತ್ತಾರೆ, ಒಳಗೆ ಕಾಲಿಡುವಂತಿಲ್ಲ. ನಮ್ಮ ಮನೆಯಲ್ಲಿ ಮಕ್ಕಳಿಗೆ ನಡೆಯಲು ಕಲಿಸಿದ ಮೇಲೆ ಕಲಿಸುವ ಮೊದಲ ಮಾತು, ಓದಲು ಬಾರದ್ದಕ್ಕೆ ಸಹಿ ಇಲ್ಲ.

"ನನಗ ತಿಳಿಲಾರದ್ದಕ್ಕ ನಾ ಸಹಿ ಮಾಡೂದಿಲ್ಲ," ಎಂದು ಇಳಿದು ಬಂದೆ.

ಮರುದಿನ ಬೆಳಿಗ್ಗೆಯ ಬಸ್ಸಿಗೆ ಅವರೇ ಉಟಗಿಗೆ ಬಂದರು. ಆ ಮೊಣಕಾಲು ಹೊತ್ತು ಸ್ಟ್ಯಾಂಡಿನಿಂದ ವರ್ಕ್‌ಶಾಪಿನ ತನಕ ನಡೆದು ಬಂದಿದ್ದರು. ಮಷೀನು ನೋಡಲು ಬಂದ ನಾಲ್ಕು ಜನ ರೈತರು ಕೂತಿದ್ದರು, ನನ್ನ ಇಬ್ಬರು ವೆಲ್ಡರುಗಳು ಇದ್ದರು. ನಾನು ಬರ್ರಿ ಅನ್ನಲಿಲ್ಲ. ಅವರು ಅದನ್ನು ಲೆಕ್ಕಕ್ಕೆ ಹಿಡಿಯದೆ, ಬಣ್ಣ ಹಚ್ಚಿ ನಿಲ್ಲಿಸಿದ್ದ ಹೊಸ ಮಷೀನಿನ ಸುತ್ತ ಒಂದು ಸುತ್ತು ಹಾಕಿ, ತೆನೆ ಸುರಿಯುವ ಬಾಯಿಯ ಮುಂದೆ ನಿಂತರು. ಅಲ್ಲಿ ಹಳದಿ ಅಕ್ಷರದಲ್ಲಿ ಮೇಲೆ ನನ್ನ ವರ್ಕ್‌ಶಾಪಿನ ಹೆಸರು, ಅದರ ಕೆಳಗೆ ಮೇಲ್ ವಿಳಾಸ, ಅದರ ಕೆಳಗೆ ಇನ್ನೂ ದಪ್ಪ ಅಕ್ಷರದಲ್ಲಿ ನನ್ನ ಮೊಬೈಲ್ ನಂಬರು. ಗಾಳಿಯಲ್ಲಿ ಬೆರಳಾಡಿಸುತ್ತ ಮೇಲಿನಿಂದ ಕೆಳಗೆ ಓದಿದರು. ಮಷೀನಿನ ಹಿಂದೆ ಹೋಗಿ ಅಲ್ಲಿಯೂ ನೋಡಿದರು. ಅಲ್ಲಿಯೂ ಅದೇ ಬರೆದಿತ್ತು.

"ಇದು ಎಲ್ಲಾ ಮಷೀನಿನ ಮ್ಯಾಲೂ ಬರೀತೀರೇನು?"

"ಎಲ್ಲಾದರ ಮ್ಯಾಲೂ. ಸೊಲ್ಲಾಪುರ ತನಕ ಓದಾಕ ಸಿಗತದ," ಎಂದು ರೈತರಿಗೂ ಕೇಳುವಂತೆ ಹೇಳಿದೆ.

ಅವರು ನನ್ನ ಹತ್ತಿರ ಬಂದು ಹೆಗಲು ಮುಟ್ಟಿದರು. "ಸ್ವಲ್ಪ ಹಿಂದ ಬರ್ರಿ. ನಿಮಗೊಬ್ಬರಿಗೇ ಒಂದ ಮಾತ ಹೇಳೂದದ."

ನಾನು ಕೈ ಕೊಡವಿದೆ. ಹಿಂದೆ ಕರೆದು ಏನು ಹೇಳುತ್ತಾರೆಂದು ನನಗೆ ಗೊತ್ತಿದೆ ಎಂದುಕೊಂಡೆ. ಹನ್ನೆರಡು ಮಷೀನು ಬಿಳೂರಿನವನಿಗೆ ಬಿಡಿ, ನಿಮಗೂ ಏನಾದರೂ ಕೊಡಿಸುತ್ತೇನೆ ಎನ್ನುತ್ತಾರೆ. "ಹೇಳೂದಿದ್ರ ಇಲ್ಲೇ ಹೇಳ್ರಿ, ಎಲ್ಲಾರ ಮುಂದ. ನನ್ನ ಮನ್ಯಾಗ ಮುಚ್ಚಿಡೂವಂಥಾದ್ದ ಏನೂ ಇಲ್ಲ."

ಅವರು ಕೂತ ನಾಲ್ವರನ್ನು ನೋಡಿದರು. ವೆಲ್ಡರುಗಳನ್ನು ನೋಡಿದರು. ಬಾಯಿಗೆ ಬಂದ ಮಾತನ್ನು ನುಂಗಿದ್ದು ಕಂಡಿತು. ನಾನು ಅದನ್ನೂ ಕಳ್ಳತನದ ಗುರುತೆಂದೇ ಹಿಡಿದೆ.

"ಪಾಸ್‌ವರ್ಡ್ ಬದಲಸ್ರಿ. ಇವತ್ತ ಬದಲಸ್ರಿ," ಎಂದಷ್ಟೇ ಹೇಳಿ ಒಂದು ಕಾಗದ ಕೊಟ್ಟರು. ಈ ಸಲ ಕನ್ನಡದಲ್ಲಿತ್ತು, ಅವರದೇ ಕೈಬರಹ. ಮೂರು ಸಾಲು. ನನ್ನ ಪಾಸ್‌ವರ್ಡ್ ಬೇರೆಯವರಿಗೆ ಸಿಗುವಂತಿತ್ತು. ಈ ಪತ್ರಗಳನ್ನು ನಾನು ಕಳಿಸಿಲ್ಲ. ಈಗ ಪಾಸ್‌ವರ್ಡ್ ಬದಲಿಸಿದ್ದೇನೆ.

ಎರಡನೆಯ ಸಾಲಿಗೆ ನನ್ನ ತಕರಾರು ಇರಲಿಲ್ಲ. ಮೊದಲ ಸಾಲು ಸುಳ್ಳು. ಹೆಂಡತಿಗೂ ಹೇಳದ್ದು ಬೇರೆಯವರಿಗೆ ಹೇಗೆ ಸಿಕ್ಕೀತು? ಮೂರನೆಯದಕ್ಕೆ ಒಪ್ಪಿದರೆ ಮೊದಲನೆಯದಕ್ಕೂ ಒಪ್ಪಿದಂತೆ. ಸಹಿ ಮಾಡಲಿಲ್ಲ. ಅವರು ಕಾಗದ ವಾಪಸು ಕೇಳಲಿಲ್ಲ. ಬಸ್ಸಿಗೆ ಇನ್ನೂ ಹೊತ್ತಿತ್ತು, ಆದರೂ ಬಿಸಿಲಲ್ಲಿ ಹೋಗಿ ಸ್ಟ್ಯಾಂಡಿನಲ್ಲಿ ನಿಂತರು. ಕಾಗದವನ್ನು ನಾನು ಹರಿಯಲಿಲ್ಲ. ಮುಂದೆ ಅವರ ಮೇಲೆ ಸಾಕ್ಷಿಗೆ ಬೇಕಾದೀತೆಂದು ಮಡಚಿ ಸಾಮಾನಿನ ಪೆಟ್ಟಿಗೆಯ ತಳದಲ್ಲಿ ಇಟ್ಟೆ.

ಸೋಮವಾರ ಅವರು ನನ್ನನ್ನು ಪೂರ್ತಿ ಇಳಿಸಿದರು. ಅಷ್ಟರಲ್ಲಿ ನಾನು ದೂರದ ಒಂದು ಕಂಪನಿಯಲ್ಲಿ ಜಾಗ ಹಿಡಿದಿದ್ದೆ. ಫೋನಿನಲ್ಲೇ ಹತ್ತು ನಿಮಿಷದ ಕೆಲಸ. ಯಾರಿಗೆ ಪತ್ರ ಕಳಿಸುತ್ತೀರಿ ಎಂದು ಕೇಳಲಿಲ್ಲ. ಏನನ್ನೂ ಕೇಳಲಿಲ್ಲ. ಮನುಷ್ಯನನ್ನು ನಂಬುವವರು ಇನ್ನೂ ಇದ್ದಾರೆ ಎಂದು ಸಂತೋಷವಾಯಿತು. ಹಳೆಯ ಮೇಲ್ ವಿಳಾಸ, ಹಳೆಯ ಪಾಸ್‌ವರ್ಡ್, ಎಲ್ಲ ಹಾಗೆಯೇ ಇಟ್ಟೆ. ದರಪಟ್ಟಿ ಅಂದೇ ಕಳಿಸಿದೆ. ಉತ್ತರ ಬರಲಿಲ್ಲ. ಬಿಳೂರಿನವನಿಗೆ ಆರು ಮಷೀನು ಸಿಕ್ಕಿತೆಂದು ತಿಳಿಯಿತು. ಲೆಕ್ಕ ಪೂರ್ತಿಯಾಯಿತು.

ಆ ವರ್ಷ ಯಾರೂ ನನ್ನ ಪತ್ರಗಳಿಗೆ ಉತ್ತರಿಸಲಿಲ್ಲ. ದಿನಾ ಮೇಲ್‌ಗೆ ಇಂಗ್ಲಿಷಿನ ಏನೇನೋ ವಾಪಸು ಕಾಗದ ಬಂದು ಬೀಳುತ್ತಿದ್ದವು. ಜಾಹೀರಾತೆಂದು ಅಳಿಸುತ್ತಿದ್ದೆ. ಚೆಕ್ಕರ್ ಸಾಹೇಬರು ಎಲ್ಲ ಕಡೆ ನನ್ನ ಹೆಸರು ಕೆಡಿಸಿದ್ದಾರೆಂದು ಊರಿನಲ್ಲಿ ಹೇಳಿಕೊಂಡು ತಿರುಗಿದೆ. ಜತ್ತಕ್ಕೆ ಹೋದರೆ ಗೊಬ್ಬರದ ಅಂಗಡಿ ಇರುವ ಓಣಿ ಬಿಟ್ಟು ಬೇರೆ ಓಣಿ ಹಿಡಿಯುತ್ತಿದ್ದೆ.

ಈ ವರ್ಷದ ಸುಗ್ಗಿಗೆ ಕುಣಿಕೋಣೂರಿನಲ್ಲಿ ಮಷೀನುಗಳನ್ನು ಓಡಿಸಿ ತೋರಿಸುವ ಕಾರ್ಯಕ್ರಮ ಇತ್ತು. ನನ್ನ ಮಷೀನು ಒಯ್ದಿದ್ದೆ. ಬಿಳೂರಿನವನೂ ಒಯ್ದಿದ್ದ. ಆ ರೈತರ ಕಂಪನಿಯ ಸೆಕ್ರೆಟರಿ ಬಂದಿದ್ದಳು, ಮೂವತ್ತರ ಆಸುಪಾಸಿನ ಹೆಣ್ಣುಮಗಳು. ನನ್ನ ಮಷೀನಿನಿಂದ ಬಿದ್ದ ಕಾಳನ್ನು ಅಂಗೈ ಮೇಲೆ ಹರಡಿ ನೋಡಿ, "ಹೋದ ವರ್ಷ ನೀವು ರೇಟ ಯಾಕ ಕಳಸ್ಲಿಲ್ಲರಿ? ನಾವು ದಾರಿ ನೋಡಿದ್ವಿ," ಅಂದಳು.

"ಕಳಿಸೀನವ್ವಾ. ನೀವ ಉತ್ತರಾ ಕೊಡಲಿಲ್ಲ."

ಅವಳು ಫೋನು ತೆಗೆದು ಹುಡುಕಿದಳು. ಕಸದ ಪತ್ರಗಳು ಬೀಳುವ ಪೆಟ್ಟಿಗೆ ಒಂದಿರುತ್ತದಂತೆ, ಅದನ್ನು ತೆಗೆದಳು. ಅದು ತಿಂಗಳಿಗೊಮ್ಮೆ ತಾನೇ ಖಾಲಿಯಾಗುತ್ತದೆ ಎಂದಳು. ಹೋದ ವಾರವಷ್ಟೇ ನಾನು ಕಳಿಸಿದ ಹೊಸ ದರಪಟ್ಟಿ ಅದರಲ್ಲಿ ಬಿದ್ದಿತ್ತು. ಅದರ ಮೇಲೆ ಲಾಟರಿ ಬಂದಿದೆ ಎನ್ನುವ ಪತ್ರ, ಕೆಳಗೆ ಕೂದಲು ಬೆಳೆಯುವ ಎಣ್ಣೆ. ನಡುವೆ ನನ್ನ ಹೆಸರು.

"ನಿಮ್ಮ ಮೇಲ್‌ದಾಗ ಏನೋ ಗಡಬಡ ಅದ. ಒಂದ ಸಲ ತಗದ ನೋಡೂಣಲ್ಲ," ಅಂದಳು. ನಾನು ವಿಳಾಸ ಹೇಳುವ ಮೊದಲೇ ಮಷೀನಿನ ಬಾಯಿಯ ಮೇಲೆ ಬರೆದದ್ದನ್ನು ನೋಡಿ ಬರೆದುಕೊಂಡಳು. ಪಾಸ್‌ವರ್ಡ್ ಏನೆಂದು ಕೇಳಿದಳು. ಸುತ್ತ ಜನ ಇದ್ದರು. ನಾನು ಬಗ್ಗಿ ಅವಳ ಕಿವಿಯ ಹತ್ತಿರ, ಯಾರಿಗೂ ಕೇಳದಂತೆ, ಒಂದೊಂದೇ ಅಂಕಿ ಹೇಳತೊಡಗಿದೆ. ನಾಲ್ಕು ಅಂಕಿ ಹೇಳಿರಬೇಕು. ಅವಳು ತಲೆಯೆತ್ತಿ ಮಷೀನನ್ನು ನೋಡಿದಳು.

"ಇದ ಅಲ್ಲೇನ್ರಿ, ಇಲ್ಲಿ ಬರದದ್ದು?" ಎಂದು ನನ್ನ ಮೊಬೈಲ್ ನಂಬರಿನ ಉಳಿದ ಆರು ಅಂಕಿಯನ್ನು ತಾನೇ ಓದಿ ಒತ್ತಿದಳು.

ಮೇಲ್ ತೆರೆಯಿತು. ನಾನು ಎಂದೂ ತೆರೆಯದ ಕಳಿಸಿದ ಪತ್ರಗಳ ಪೆಟ್ಟಿಗೆಯನ್ನು ಅವಳು ತೆರೆದಳು. ಒಂದು ವರ್ಷದಿಂದ ನನ್ನ ಹೆಸರಿನಲ್ಲಿ ಹೋದ ಪತ್ರಗಳು ಅಲ್ಲಿದ್ದವು. ಆ ದಿನ ಬೆಳಿಗ್ಗೆಯೂ ಹೋಗಿದ್ದವು. ನಾನು ಕುಣಿಕೋಣೂರಿನ ದಾರಿಯಲ್ಲಿ ಟ್ರ್ಯಾಕ್ಟರಿನ ಮೇಲೆ ಕೂತಿದ್ದಾಗ ನನ್ನ ಹೆಸರಿನವನು ಯಾರಿಗೋ ಸಾಲ ಕೊಡುತ್ತೇನೆಂದು ಬರೆಯುತ್ತಿದ್ದ. ಹೊಸ ಕಂಪನಿಯವರು ಅದನ್ನು ತಡೆದಿರಲಿಲ್ಲ, ನನಗೆ ಹೇಳಿರಲಿಲ್ಲ. ನನ್ನನ್ನು ಅವರು ನಂಬಿರಲಿಲ್ಲ. ನೋಡಿಯೇ ಇರಲಿಲ್ಲ.

ಸುತ್ತ ನಿಂತವರಿಗೆ ವಿಷಯ ತಿಳಿಯಲು ಹೊತ್ತು ಹಿಡಿಯಲಿಲ್ಲ. ಒಬ್ಬ, "ಕೀಲಿ ಹಾಕಿ, ಕೀಲಿಕೈ ಬಾಗಲಿಗೇ ಬಣ್ಣದಲೇ ಬರದಾನ," ಅಂದ. ನಕ್ಕರು. ಬಿಳೂರಿನವನು ಮಾತ್ರ ನಗದೆ ನನ್ನ ಮುಖ ನೋಡುತ್ತಿದ್ದ.

"ಹಂಗಾರ ಅವತ್ತ ಬಸ್ ನಿಂತದ್ದ ನಿನ್ನ ಸಲುವಾಗೇನೋ?" ಅಂದ. "ನನ್ನ ಪತ್ರ ಒಂದೂ ಹೋಗವಲ್ದು ಅಂತ ಜಗಳಾ ತಗ್ಯಾಕ ಹೋಗಿದ್ನೋ ಮಾರಾಯ. ಯಾರ ಸಲುವಾಗಿ ಹಿಂಗಾತು, ಹೆಸರ ಹೇಳ್ರಿ, ನಾ ನೋಡಕೋತೀನಿ ಅಂತ ಎಷ್ಟ ಕೇಳಿದ್ರೂ ಚೆಕ್ಕರ ಬಾಯಿ ಬಿಡಲಿಲ್ಲ. ಪ್ಯಾಸೆಂಜರ ಹೆಸರ ಹೇಳೂದಿಲ್ಲ ಅಂದ. ಸಿಟ್ಟಿನ್ಯಾಗ ಇಳದ ಬರೂಮುಂದ ನೀ ಎದುರ ಬಂದಿ. ಕಡೀಕ ಬ್ಯಾರೇದವರ ಮೇಲ್‌ನಿಂದ ರೇಟ ಕಳಸಬೇಕಾತು."

ನನ್ನನ್ನು ಇಳಿಸಿದ ಮೇಲೂ ನಾಲ್ಕು ದಿನ ಆ ಬಸ್ಸು ನಿಂತೇ ಇತ್ತಂತೆ. ಇಬ್ಬರು ಗಿರಾಕಿಗಳು ಬಿಟ್ಟು ಹೋದರಂತೆ. ಅವರಿಗೂ ಹೆಸರು ಹೇಳಲಿಲ್ಲವಂತೆ.

ಮನೆಗೆ ಬಂದು ಪಾಸ್‌ವರ್ಡ್ ಬದಲಿಸಿದೆ. ಸಾಮಾನಿನ ಪೆಟ್ಟಿಗೆ ಬೋರಲು ಹಾಕಿ ಆ ಕಾಗದ ಹುಡುಕಿ, ಮೂರು ಸಾಲಿನ ಕೆಳಗೆ ಸಹಿ ಮಾಡಿದೆ. ಮೊದಲ ಸಾಲನ್ನು ಎರಡು ಸಲ ಓದಿದೆ.

ಜತ್ತಕ್ಕೆ ಹೋದರೆ ಖೋಲಿಗೆ ಬೀಗ ಇತ್ತು. ಸಾಹೇಬರಿಗೆ ಆರಾಮಿಲ್ಲ ಎಂದು ಕೆಳಗಿನ ಅಂಗಡಿಯವರು ಹೇಳಿದರು. ಮನೆಗೆ ಹೋದೆ. ಅವರ ಹೆಂಡತಿ ಬಾಗಿಲು ತೆರೆದು ಒಳಗೆ ಕರೆದರು. ಸಾಹೇಬರು ಮಂಚದ ಮೇಲೆ ಗೋಡೆಗೆ ಬೆನ್ನು ಆನಿಸಿ ಕೂತಿದ್ದರು, ಮುಖ ಬಾಗಿಲ ಕಡೆಗೆ. ಬಹಳ ಇಳಿದುಹೋಗಿದ್ದರು. ಕಣ್ಣು ಮಾತ್ರ ಮೊದಲಿನಂತೆಯೇ ನನ್ನ ಎರಡೂ ಕೈ ನೋಡಿದವು, ಏನು ತಂದಿದ್ದಾನೆ ಎಂದು.

ಕಾಗದ ಕೊಟ್ಟೆ. ಹಿಂಬದಿ ತಿರುವಿದರು. ಅಲ್ಲಿ ಗ್ರೀಸಿನ ಕಲೆ ಇತ್ತು. ಕಿಟಕಿಯ ಬೆಳಕಿಗೆ ಹಿಡಿದರು. ಆಮೇಲೆ ಓದಿದರು.

"ಒಂದ ವರ್ಷ ಲೇಟ."

"ಹೌದ್ರಿ."

"ಇಷ್ಟ ದಿನಾ ಯಾಕ ಇಟ್ಟಿದ್ರಿ ಇದನ್ನ?"

ಸುಳ್ಳು ಹೇಳಲು ಬರಲಿಲ್ಲ. "ನಿಮ್ಮ ಮ್ಯಾಲ ಸಾಕ್ಷಿಗೆ ಬೇಕಾದೀತಂತ್ರಿ."

"ಚಲೋ ಮಾಡೀರಿ," ಅಂದರು. ಚೇಷ್ಟೆಗೆ ಅಂದದ್ದಲ್ಲ. ಸರಿಯಾದ ಕೆಲಸ ಮಾಡಿದವನನ್ನು ಹೊಗಳಿದ ಹಾಗಿತ್ತು.

ಆ ದಿನ ಹಿಂದೆ ಕರೆದಾಗ ನಾನು ಬರಬೇಕಿತ್ತು ಎಂದು ಹೇಳಲು ಹೋದೆ. ಕೈ ಎತ್ತಿ ತಡೆದರು. ಹೆಂಡತಿ ಅಲ್ಲೇ ನಿಂತಿದ್ದರು, ಅವರ ಮುಂದೆ ಆ ಮಾತು ಬೇಡ ಎಂಬಂತೆ. ಆಮೇಲೆ ಅವರೇ ಕೇಳಿದರು.

"ಪಾಸ್‌ವರ್ಡ್ ಬದಲಿಸೀರೇನು?"

"ಬದಲಿಸೀನ್ರಿ."

"ಏನ ಇಟ್ಟೀರಿ?"

ಹೇಳಲು ಬಾಯಿ ತೆರೆದಿದ್ದೆ. ತಪ್ಪು ಮಾಡಿ ಬಂದವನು, ಅವರು ಕೇಳಿದ್ದನ್ನೆಲ್ಲ ಹೇಳಲೆಂದೇ ಬಂದಿದ್ದೆ. ಮೊದಲ ಅಕ್ಷರ ನಾಲಿಗೆಯ ಮೇಲೆ ಇತ್ತು. ಅವರು ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

"ಅದನ್ನ ನಿಮಗ ಹೇಳೂದಿಲ್ರಿ," ಅಂದೆ.

ಒಂದು ಕಾಗದವನ್ನು ಎಷ್ಟು ಹೊತ್ತು ನೋಡುತ್ತಿದ್ದರೋ ಅಷ್ಟು ಹೊತ್ತು ನನ್ನ ಮುಖ ನೋಡಿದರು. ಆಮೇಲೆ ತಲೆದಿಂಬಿನ ಕೆಳಗೆ ತಡಕಾಡಿ ಕೆಂಪು ಪೆನ್ಸಿಲ್ ತೆಗೆದು, ಕಾಗದವನ್ನು ಮೊಣಕಾಲ ಮೇಲೆ ಇಟ್ಟುಕೊಂಡು, ಮೂಲೆಗೆ ಒಂದು ಗೀಟು ಎಳೆದರು. ಗೀಟು ಸೊಟ್ಟಗೆ ಬಿತ್ತು. ಹೆಂಡತಿಯ ಕಡೆ ತಿರುಗಿ ಚಹಾ ಮಾಡು ಎಂದು ಕೈಸನ್ನೆ ಮಾಡಿದರು.

"ಹತ್ರಿ ಮ್ಯಾಲ," ಎಂದು ನನಗೆ ಹೇಳಿದರು. "ಆದ್ರ ನಾಳಿಂದ ನಿಮ್ಮ ಮ್ಯಾಲ ನನ್ನ ಒಂದ ಕಣ್ಣ ಇರತದ."